ರಜೆಯ ನಾಲ್ಕನೇ ಸಂಜೆ ಶುರುವಾಗುವ ಎದೆಬಡಿತ

ಪ್ರಶ್ನೆ: ನನಗೆ 29 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಆರು ವರ್ಷದಿಂದ ದಾವಣಗೆರೆ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. 28 ಹಾಸಿಗೆಯ ಮೆಡಿಕಲ್ ವಾರ್ಡ್. ರಾತ್ರಿ ನಾನೊಬ್ಬಳೇ, ಜೊತೆಗೆ ಒಬ್ಬರು ಆಯಾ. ನೈಟ್ ಡ್ಯೂಟಿ ರಾತ್ರಿ 8ರಿಂದ ಬೆಳಿಗ್ಗೆ 8, ಏಳು ರಾತ್ರಿ ಸಾಲಾಗಿ. ಬೆಳಿಗ್ಗೆ ಸ್ಕೂಟಿಯಲ್ಲಿ ಮನೆಗೆ ಬಂದು ತಿಂಡಿ ಮಾಡಿ, ಮಗಳನ್ನು ಶಾಲೆಗೆ ಕಳಿಸಿ ಹತ್ತೂವರೆಗೆ ಮಲಗಿದರೆ ಎರಡಕ್ಕೆಲ್ಲ ಎಚ್ಚರ. ನಾಲ್ಕು ತಿಂಗಳ ಹಿಂದೆ ಒಂದು ನಸುಕಿನಲ್ಲಿ ಕ್ಯಾನುಲಾವನ್ನು, ಅಂದರೆ ರೋಗಿಯ ರಕ್ತನಾಳಕ್ಕೆ ಹಾಕಿದ ನಳಿಕೆಯನ್ನು, ಫ್ಲಶ್ ಮಾಡಲು ಸಲೈನ್ ಅಂದುಕೊಂಡು ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ಸಿರಿಂಜಿಗೆ ಎಳೆದುಬಿಟ್ಟಿದ್ದೆ. ರೋಗಿಯ ಪಕ್ಕ ನಿಂತಾಗ ಟ್ರೇನಲ್ಲಿದ್ದ ಖಾಲಿ ಆಂಪ್ಯೂಲಿನ ಹೆಸರು ಕಂಡು ಚೆಲ್ಲಿದೆ. ನಾನೇ ಹೋಗಿ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದೆ. ಮೆಮೊ ಕೊಟ್ಟರು. ಅವತ್ತಿನಿಂದ ಒಂದೊಂದು ಇಂಜೆಕ್ಷನ್ನೂ ನಾಲ್ಕೈದು ಸಲ ನೋಡುತ್ತೇನೆ. ಮನೆಗೆ ಬಂದ ಮೇಲೂ ಫೋನ್ ಮಾಡಿ ವಿಚಾರಿಸುತ್ತೇನೆ. ಅಜ್ಜಿಯೊಬ್ಬರು ‘ಸಿಸ್ಟರಮ್ಮಾ’ ಎಂದು ಕರೆದರೆ ಸಿಟ್ಟು ಉಕ್ಕುತ್ತದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅಳುತ್ತೇನೆ. ತಮ್ಮನ ಮದುವೆಗೆಂದು ಐದು ದಿನ ತವರಿಗೆ ಹೋಗಿದ್ದೆ. ಎರಡು ದಿನ ಬರೀ ನಿದ್ದೆ. ಮೂರನೇ ದಿನ ಹೊಟ್ಟೆ ತುಂಬ ಉಂಡೆ, ಚಿಕ್ಕಮ್ಮನ ಮಕ್ಕಳ ಜೊತೆ ನಕ್ಕೆ. ನಾಲ್ಕನೇ ಸಂಜೆ ಮತ್ತೆ ಎದೆ ಡವಡವ, ಕೈ ಬೆವರು. ಏಳನೇ ಬೆಡ್ಡಿನ ಡ್ರಿಪ್ಪಿಗೆ ಕ್ಲಾಂಪ್ ಹಾಕಿ ಬಂದಿದ್ದೆನಾ ಎಂದು ಅಲ್ಲಿಂದಲೇ ಫೋನ್ ಮಾಡಿದೆ. ಆ ರೋಗಿ ಡಿಸ್ಚಾರ್ಜ್ ಆಗಿ ಎರಡು ದಿನ ಆಗಿತ್ತು. ಜೊತೆಯವಳು ಕೊಟ್ಟ, ಗಾಬರಿ ಇಳಿಸುವ ಅಲ್ಪ್ರಾಜೋಲಾಂ ಮಾತ್ರೆಯಲ್ಲಿ ಅರ್ಧದಂತೆ ವಾರಕ್ಕೆ ಮೂರು ಸಲ ತಗೊಳ್ತಿದ್ದೇನೆ. ಯಾವುದಾದರೂ ಬೈಕು ಗುದ್ದಿ ಕಾಲು ಮುರಿದರೆ ಒಂದು ತಿಂಗಳು ರಜೆ ಸಿಗುತ್ತಲ್ಲ ಅನ್ನಿಸುತ್ತದೆ. ವಾರ್ಡಿನ ನಾಲ್ಕು ಮಾನಿಟರ್‌ಗಳ ಬೀಪ್ ಮನೆಯಲ್ಲೂ ಕೇಳಿಸುತ್ತದೆ. ಹುಚ್ಚು ಹಿಡಿಯುತ್ತಿದೆಯಾ? ಗಂಡ ‘ಟೆನ್ಶನ್ ಯಾರಿಗಿಲ್ಲ ಹೇಳು, ಆಗದಿದ್ರೆ ಬಿಟ್ಬಿಡು’ ಅನ್ನುತ್ತಾರೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವಾ? ಬಿಡಲಾ?

ಉತ್ತರ: ಸಿಸ್ಟರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಒಂದು ಕಡೆ ಗೆರೆ ಎಳೆದೆ: ತವರುಮನೆಯ ಮೂರನೇ ದಿನಕ್ಕೂ ನಾಲ್ಕನೇ ಸಂಜೆಗೂ ನಡುವೆ. ಗೆರೆಯ ಈಚೆಗಿರುವುದು ದಣಿವು. ಆಚೆಗಿರುವುದು ಆತಂಕ.

ಎರಡು ದಿನ ಮಲಗಿದಿರಿ, ಮೂರನೇ ದಿನ ಊಟ ರುಚಿಸಿತು, ನಗು ಬಂತು. ಅಂದರೆ ಸಂತೋಷಪಡುವ ಶಕ್ತಿ ನಿಮ್ಮಲ್ಲಿ ಸವೆದಿಲ್ಲ, ಅದಕ್ಕೆ ಬೇಕಿದ್ದದ್ದು ನಿದ್ದೆ. ಖಿನ್ನತೆ ಗಟ್ಟಿಯಾಗಿ ಕೂತಿದ್ದರೆ ಮದುವೆಮನೆಯಲ್ಲೂ ಮೂಲೆ ಹಿಡಿದು ಕೂರುತ್ತಿದ್ದಿರಿ. ಆದರೆ ನಾಲ್ಕನೇ ಸಂಜೆ ನಿದ್ದೆಯ ಬಾಕಿ ಏನೂ ಇರಲಿಲ್ಲ, ವಾರ್ಡು ನೂರಾರು ಕಿಲೋಮೀಟರ್ ಆಚೆಗಿತ್ತು, ರೋಗಿ ಗುಣವಾಗಿ ಮನೆ ಸೇರಿದ್ದರು. ಆದರೂ ಎದೆ ಹೊಡೆದುಕೊಂಡಿತು. ಇದಕ್ಕೆ ವಿಶ್ರಾಂತಿ ಮದ್ದಲ್ಲ. ಬೇರೆಯೇ ಚಿಕಿತ್ಸೆ ಇದೆ, ಅದು ಕೆಲಸ ಮಾಡುತ್ತದೆ.

ಈ ಎರಡನ್ನೂ ‘ಟೆನ್ಶನ್’ ಎಂಬ ಒಂದೇ ಚೀಲಕ್ಕೆ ತುಂಬಿದಾಗ ಎರಡಕ್ಕೂ ಅನ್ಯಾಯವಾಗುತ್ತದೆ. ದಣಿವಿಗೆ ಮಾತ್ರೆ ನುಂಗುತ್ತೇವೆ, ಆತಂಕಕ್ಕೆ ‘ರೋಸ್ಟರ್ ಸರಿಹೋದ ಮೇಲೆ ನೋಡೋಣ’ ಅನ್ನುತ್ತೇವೆ. ನಾನು ನೋಡಿದ ನರ್ಸ್‌ಗಳಲ್ಲಿ ಹೆಚ್ಚಿನವರು ಹೀಗೇ ಉಲ್ಟಾ ಮಾಡಿಕೊಂಡು ವರ್ಷ ಕಳೆದ ಮೇಲೆ ಬಂದವರು.

ಮೊದಲು ದಣಿವಿನ ಮಾತು. ಇದಕ್ಕೆ ‘ಬರ್ನ್‌ಔಟ್’ ಎಂಬ ಹೆಸರು 1974ರಲ್ಲಿ ವೈದ್ಯಕೀಯ ಬರಹಕ್ಕೆ ಬಂತು. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರನ್ನೂ ತಮ್ಮನ್ನೂ ನೋಡಿಕೊಂಡು ಬರೆದದ್ದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಐಸಿಡಿ-11 ಎಂಬ ತನ್ನ ರೋಗಗಳ ವರ್ಗೀಕರಣ ಪಟ್ಟಿಗೆ ಸೇರಿಸುವಾಗ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು: ಇದು ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ. ಲಕ್ಷಣ ಮೂರು. ಶಕ್ತಿಯೆಲ್ಲ ಬಸಿದುಹೋದಂತಾಗುವುದು. ಕೆಲಸದ ಮೇಲೆ, ಕೆಲಸದಲ್ಲಿ ಎದುರಾಗುವವರ ಮೇಲೆ ಮನಸ್ಸು ಮುರಿಯುವುದು, ತಾತ್ಸಾರ ಹುಟ್ಟುವುದು. ತನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲ ಅನ್ನಿಸುವುದು. ಅಜ್ಜಿ ಕರೆದಾಗ ಉಕ್ಕುವ ಸಿಟ್ಟು ಎರಡನೆಯದು. ಅದು ನಿಮ್ಮ ಸ್ವಭಾವ ಅಲ್ಲ ಎನ್ನುವುದಕ್ಕೆ ಬಾತ್‌ರೂಮಿನ ಅಳುವೇ ಸಾಕ್ಷಿ. ನಿಜವಾಗಿ ಕಲ್ಲಾದವರು ಅಳಲು ಹೋಗುವುದಿಲ್ಲ.

‘ಲಾಯಕ್ಕಿಲ್ಲವಾ’ ಎಂದು ಕೇಳಿದ್ದೀರಿ. ಒಂದು ಸಣ್ಣ ಲೆಕ್ಕ ಮಾಡೋಣ. ಹನ್ನೆರಡು ಗಂಟೆ ಎಂದರೆ 720 ನಿಮಿಷ. 28 ರೋಗಿಗಳಿಗೆ ಹಂಚಿದರೆ ಇಡೀ ರಾತ್ರಿಗೆ ತಲಾ 26 ನಿಮಿಷವೂ ಬರುವುದಿಲ್ಲ. ಇದರಲ್ಲಿ ಬಿ.ಪಿ., ಪಲ್ಸ್, ಶುಗರ್, ಇಂಜೆಕ್ಷನ್, ಡ್ರಿಪ್ ಬದಲಾವಣೆ, ಮೂತ್ರದ ಚೀಲದ ಅಳತೆ, ರಾತ್ರಿ ಒಂದಕ್ಕೆ ಬರುವ ಹೊಸ ಅಡ್ಮಿಷನ್, ಡ್ಯೂಟಿ ಡಾಕ್ಟರಿಗೆ ಮೂರು ಫೋನ್, ಇಷ್ಟನ್ನೂ ಕೇಸ್ ಶೀಟಿಗೆ ಬರೆಯುವುದು. ನೀರು ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಎಂದು ನೀರನ್ನೇ ಕುಡಿಯದ ಸಿಸ್ಟರ್‌ಗಳು ನನಗೆ ಗೊತ್ತು. ನೀವೂ ಅವರಲ್ಲಿ ಒಬ್ಬರಿರಬಹುದು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಏನು ಹೇಳುತ್ತದೆ ಗೊತ್ತಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ: ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಯಾದರೆ ಐವರಿಗೆ ಒಬ್ಬರು. ಬಾಯಿಪಾಠ ಮಾಡಿಸಿದ ಕಾಲೇಜಿನ ಸ್ವಂತ ಆಸ್ಪತ್ರೆಯಲ್ಲೇ ಅದು ಇರುವುದಿಲ್ಲ, ಆ ಮಾತು ಬೇರೆ.

2002ರಲ್ಲಿ ಲಿಂಡಾ ಏಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚು, ಆ ನರ್ಸ್ ಬರ್ನ್‌ಔಟ್‌ಗೆ ಬೀಳುವ ಸಂಭವ ಶೇ 23ರಷ್ಟು ಹೆಚ್ಚು ಎಂದು ಕಂಡಿತು. ಅವರು ಹೋಲಿಸಿದ್ದು ತಲಾ ನಾಲ್ಕು ರೋಗಿಗಳಿರುವ ಆಸ್ಪತ್ರೆಯಿಂದ ಎಂಟು ರೋಗಿಗಳಿರುವ ಆಸ್ಪತ್ರೆಯವರೆಗೆ. ಆ ಸೂತ್ರವನ್ನು ಎಳೆದು ನಿಮ್ಮ 28ಕ್ಕೆ ಗುಣಿಸುವುದು ತಪ್ಪು; ಅಷ್ಟು ದೂರ ಅವರ ಅಳತೆಗೋಲು ಹೋಗಿಯೇ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿ ಎಂಬ ಪ್ರಮಾಣಕ್ಕೆ 1999ರಲ್ಲೇ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿದ್ದಾರೆ. ನಮ್ಮಲ್ಲಿ ಅದು ಪಠ್ಯಪುಸ್ತಕದ ಕೋಷ್ಟಕ. ಹಾಗಾಗಿ ಒಬ್ಬಳೇ 28 ಜನರನ್ನು ನೋಡಿಕೊಳ್ಳಲಾಗದ ನರ್ಸ್ ಲಾಯಕ್ಕಿಲ್ಲದವಳಾ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಪ್ರಶ್ನೆಯೇ ತಪ್ಪಾದ ವಿಳಾಸಕ್ಕೆ ಬಂದಿದೆ.

ಇನ್ನು ರಾತ್ರಿ ಪಾಳಿ. ಮೊದಲ ನೈಟ್ ದಿನ ನೀವು ಬೆಳಿಗ್ಗೆ ಆರೂವರೆಗೆ ಎದ್ದು ಮನೆಗೆಲಸ ಮುಗಿಸಿ, ಮಧ್ಯಾಹ್ನ ಮಲಗದೆ ಡ್ಯೂಟಿಗೆ ಹೋಗುತ್ತೀರಿ ಎಂದುಕೊಳ್ಳುತ್ತೇನೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಸ್ಕೂಟಿ ಕೀಲಿ ತಿರುಗಿಸುವಾಗ ಇಪ್ಪತ್ತೈದೂವರೆ ಗಂಟೆ ಎಚ್ಚರವಿದ್ದಂತಾಯಿತು. 24 ಗಂಟೆ ನಿದ್ದೆಗೆಟ್ಟವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.10 ಮದ್ಯ ಇರುವವರಷ್ಟು ಕೆಡುತ್ತದೆ ಎಂದು 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಮಿತಿ ಶೇ 0.03. ಪೊಲೀಸರ ಊದುವ ಯಂತ್ರಕ್ಕೆ ನಿದ್ದೆ ಕಾಣುವುದಿಲ್ಲ ಅಷ್ಟೇ, ಕಂಡಿದ್ದರೆ ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆ ಗೇಟಿನ ಮುಂದೆ ನಿಂತು ನಿಮ್ಮನ್ನೆಲ್ಲ ಹಿಡಿಯಬೇಕಾಗುತ್ತಿತ್ತು. ನೈಟ್ ಮುಗಿದ ಬೆಳಿಗ್ಗೆ ಸ್ಕೂಟಿ ಬೇಡ. ಬಸ್ಸು, ಆಟೊ, ಇಲ್ಲವೇ ಗಂಡ ಬಂದು ಕರೆದೊಯ್ಯಲಿ. ಕಾಲು ಮುರಿಯಲಿ ಎಂದು ಬಯಸುತ್ತಿರುವವರಿಗೆ ಇದನ್ನು ಎರಡು ಪಟ್ಟು ಒತ್ತಿ ಹೇಳುತ್ತೇನೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಮನೆಗೆ ಬಂದವರು ಒಂಬತ್ತರೊಳಗೆ ಹಾಸಿಗೆಯಲ್ಲಿರಬೇಕು. ಹಗಲಿನ ಬೆಳಕು ಕಣ್ಣಿಗೆ ಬಿದ್ದಷ್ಟೂ ಮಿದುಳು ‘ಬೆಳಗಾಯಿತು’ ಎಂದು ಎದ್ದು ಕೂರುತ್ತದೆ, ಅದಕ್ಕೇ ದಾರಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಿ, ಕಿಟಕಿಗೆ ದಪ್ಪ ಪರದೆ ಇರಲಿ. ಹಗಲು ಆರು ಗಂಟೆ ಒಂದೇ ಸಮನೆ ಬರುವುದು ಕಷ್ಟ. ಬರದಿದ್ದರೆ ಸಂಜೆ ಡ್ಯೂಟಿಗೆ ಹೊರಡುವ ಮುಂಚೆ ಇನ್ನೊಂದು ಗಂಟೆ, ಒಂದೂವರೆ ಗಂಟೆ ಮಲಗಿ. ನಸುಕಿನ ನಾಲ್ಕರಿಂದ ಐದರ ಹೊತ್ತಿಗೆ ದೇಹದ ಉಷ್ಣತೆ ಅತಿ ಕಡಿಮೆಗೆ ಇಳಿದಿರುತ್ತದೆ, ತೂಕಡಿಕೆ ಜಾಸ್ತಿ, ತಪ್ಪುಗಳಿಗೂ ಅದೇ ಅಪಾಯದ ಹೊತ್ತು. ಅದಕ್ಕೆ ಮುಂಚೆ ಇಪ್ಪತ್ತು ನಿಮಿಷ ತಲೆ ಆನಿಸಲು ಬಿಟ್ಟರೆ ದೊಡ್ಡ ಉಪಕಾರ. ಆದರೆ ಎದ್ದ ಕೂಡಲೇ ಇಂಜೆಕ್ಷನ್ ಎಳೆಯಬೇಡಿ, ಮಂಪರು ಹರಿಯಲು ಹದಿನೈದು ನಿಮಿಷ ಬೇಕು. ಚಹಾ, ಕಾಫಿ ರಾತ್ರಿ ಎರಡರ ನಂತರ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಸುಮಾರು ಐದು ಗಂಟೆ ಕಳೆದರೂ ರಕ್ತದಲ್ಲೇ ಇರುತ್ತದೆ.

ಈಗ ಆ ಪೊಟ್ಯಾಸಿಯಂ ಆಂಪ್ಯೂಲಿಗೆ ಬರೋಣ. ನಿಮ್ಮ ಪತ್ರದ ನಡುಗಂಬ ಅದೇ.

ನಡೆದದ್ದೇನು? ಒಂದೇ ಅಳತೆಯ, ಒಂದೇ ಬಗೆಯ ಪ್ಲಾಸ್ಟಿಕ್ಕಿನ ಎರಡು ಆಂಪ್ಯೂಲುಗಳು ಒಂದೇ ಟ್ರೇನಲ್ಲಿದ್ದವು. ಒಂದು ಉಪ್ಪುನೀರು. ಇನ್ನೊಂದನ್ನು ದುರ್ಬಲಗೊಳಿಸದೆ ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು. ಇಂಥ ಗಾಢ ಪೊಟ್ಯಾಸಿಯಂ ವಾರ್ಡಿನ ಸಾಮಾನ್ಯ ಔಷಧಗಳ ಜೊತೆ ಇರಲೇಬಾರದು, ಬೇರೆ ಕಡೆ, ಬೇರೆ ಗುರುತು ಹಾಕಿ, ಬೀಗದಲ್ಲಿಡಬೇಕು ಎನ್ನುವುದು ರೋಗಿ ಸುರಕ್ಷತೆಯ ತೀರಾ ಮೊದಲ ಪಾಠಗಳಲ್ಲೊಂದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ಸುರಕ್ಷತಾ ಸೂತ್ರಗಳನ್ನು ಹೊರತಂದಾಗ ಅದರಲ್ಲಿ ಇದೂ ಇತ್ತು. ನಿಮ್ಮ ವಾರ್ಡಿನಲ್ಲಿ ಎರಡೂ ಅಕ್ಕಪಕ್ಕ ಇದ್ದವು. ನಸುಕಿನಲ್ಲಿ, ಒಬ್ಬಳೇ ಇದ್ದಾಗ, ನೀವು ಕೈಗೆ ಸಿಕ್ಕಿದ್ದನ್ನು ಎಳೆದಿರಿ. ಆಮೇಲೆ ರೋಗಿಯ ಪಕ್ಕ ನಿಂತು ಖಾಲಿ ಆಂಪ್ಯೂಲನ್ನು ಮತ್ತೊಮ್ಮೆ ಓದಿದಿರಿ, ನಿಲ್ಲಿಸಿದಿರಿ, ಯಾರೂ ಕೇಳದೆ ಹೋಗಿ ಹೇಳಿದಿರಿ. ಕೊನೆಯ ಮೂರೂ ಒಳ್ಳೆಯ ನರ್ಸಿನ ಕೆಲಸ. ಮೆಮೊ ಬಂದದ್ದು ಮಾತ್ರ ನಿಮ್ಮ ಹೆಸರಿಗೆ, ಟ್ರೇ ಜೋಡಿಸಿದ ವ್ಯವಸ್ಥೆಗಲ್ಲ. ಆ ಮೆಮೊ ವಾರ್ಡಿನ ಉಳಿದ ಸಿಸ್ಟರ್‌ಗಳಿಗೆ ಕಲಿಸಿದ ಪಾಠ ಒಂದೇ: ಮುಂದೆ ಹೀಗಾದರೆ ಬಾಯಿ ಬಿಡಬೇಡಿ.

ಹೌಸ್ ಸರ್ಜನ್ಸಿಯಲ್ಲಿದ್ದಾಗ, ಆಸ್ಪತ್ರೆಯ ಹೆಸರು ಬೇಡ, ನಾನೊಂದು ರಾತ್ರಿ ಮಗುವಿನ ಕೇಸ್ ಶೀಟಿನಲ್ಲಿ ಔಷಧದ ಪ್ರಮಾಣ ಬರೆಯುವಾಗ ದಶಮಾಂಶದ ಚುಕ್ಕೆ ಬಿಟ್ಟಿದ್ದೆ. ಹತ್ತು ಪಟ್ಟು. ವಯಸ್ಸಾದ ಸಿಸ್ಟರ್ ಒಬ್ಬರು ಶೀಟು ಹಿಡಿದುಕೊಂಡು ಬಂದು ‘ಡಾಕ್ಟ್ರೇ, ಇನ್ನೊಂದ್ಸಲ ನೋಡ್ತೀರಾ?’ ಅಂದರು. ನೋಡಿದೆ, ಬೆವೆತೆ, ತಿದ್ದಿದೆ. ಅವರು ಯಾರಿಗೂ ಹೇಳಲಿಲ್ಲ, ನನಗೂ ಮೆಮೊ ಬರಲಿಲ್ಲ. ಅಂದು ರಾತ್ರಿ ಮಾತ್ರವಲ್ಲ, ಮುಂದಿನ ಒಂದು ತಿಂಗಳು ನಾನು ಚುಕ್ಕೆಗಳ ಕನಸು ಕಂಡೆ. ತಪ್ಪಿನಿಂದ ರೋಗಿ ಮೊದಲ ಸಂತ್ರಸ್ತನಾದರೆ, ಆ ತಪ್ಪಿನ ಭಾರ ಹೊತ್ತ ಡಾಕ್ಟರು, ನರ್ಸು ‘ಎರಡನೇ ಸಂತ್ರಸ್ತ’ ಎಂದು 2000ದಲ್ಲಿ ಆಲ್ಬರ್ಟ್ ವೂ ಎಂಬ ವೈದ್ಯರು ಬರೆದರು. ನಿಮ್ಮ ಪ್ರಕರಣದಲ್ಲಿ ಮೊದಲ ಸಂತ್ರಸ್ತರೇ ಇಲ್ಲ. ಆದರೂ ನೀವು ಎರಡನೆಯವರಾದಿರಿ.

ನಿಮ್ಮ ಆತಂಕ ಬೇರೂರಿದ್ದು ಅಲ್ಲಿಂದ. ಅದನ್ನು ಬೆಳೆಸುತ್ತಿರುವುದು ನಾಲ್ಕೈದು ಸಲ ನೋಡುವ ಅಭ್ಯಾಸ. ಕ್ಲಾಂಪ್ ನೋಡಿದಿರಿ, ಎರಡು ನಿಮಿಷ ಸಮಾಧಾನ. ‘ನೋಡಿದ್ದಕ್ಕೇ ಅನಾಹುತ ತಪ್ಪಿತು’ ಎಂದು ಮಿದುಳು ಪಾಠ ಕಲಿಯಿತು. ಮುಂದಿನ ಸಲ ಎರಡು ಬಾರಿ ನೋಡಬೇಕು, ಆಮೇಲೆ ನಾಲ್ಕು ಬಾರಿ. ವಿಚಿತ್ರವೆಂದರೆ, ಒಂದೇ ವಸ್ತುವನ್ನು ಮತ್ತೆ ಮತ್ತೆ ಪರೀಕ್ಷಿಸಿದಷ್ಟೂ ‘ನೋಡಿದೆ’ ಎಂಬ ನೆನಪಿನ ಮೇಲಿನ ಭರವಸೆ ಕಡಿಮೆಯಾಗುತ್ತ ಹೋಗುತ್ತದೆ. ಪ್ರಯೋಗಗಳಲ್ಲಿ ಇದನ್ನು ತೋರಿಸಿದ್ದಾರೆ. ಮನೆ ಬಾಗಿಲ ಬೀಗವನ್ನು ಐದು ಸಲ ಎಳೆದು ನೋಡಿದವರಿಗೇ ಬಸ್‌ಸ್ಟಾಂಡಿನಲ್ಲಿ ಅನುಮಾನ ಬರುವುದು.

ಹಾಗೆಂದು ಔಷಧ ಪರೀಕ್ಷಿಸುವುದನ್ನೇ ಬಿಡಿ ಎಂದು ಯಾವ ಡಾಕ್ಟರೂ ಹೇಳಲಾರರು. ನಿಮ್ಮ ವಾರ್ಡಿನ ಪದ್ಧತಿ ಏನು ಕೇಳುತ್ತದೋ ಅಷ್ಟನ್ನು ಪೂರ್ತಿ ಮಾಡಿ, ಪ್ರತಿ ಹಂತವನ್ನೂ ಒಂದೇ ಸಲ, ಆದರೆ ಮೈಯೆಲ್ಲ ಕಣ್ಣಾಗಿ. ರೈಲಿನ ಎಂಜಿನ್ನಿನಲ್ಲಿ ಲೋಕೋ ಪೈಲಟ್ಟೂ ಸಹಾಯಕರೂ ಸಿಗ್ನಲ್ಲಿನ ಬಣ್ಣವನ್ನು ಒಬ್ಬರಿಗೊಬ್ಬರು ಜೋರಾಗಿ ಹೇಳಿಕೊಳ್ಳುತ್ತಾರೆ, ಗೊತ್ತಿರಬಹುದು. ಕಣ್ಣು ಕಂಡದ್ದನ್ನು ಬಾಯಿ ಹೇಳಿದಾಗ ಕಿವಿಯೂ ಕೇಳುತ್ತದೆ, ನೆನಪು ಗಟ್ಟಿಯಾಗುತ್ತದೆ. ನೀವೂ ಆಂಪ್ಯೂಲಿನ ಹೆಸರಿನ ಮೇಲೆ ಬೆರಳಿಟ್ಟು ಓದಿ: ‘ನಾರ್ಮಲ್ ಸಲೈನ್, ಹತ್ತು ಎಂಎಲ್, ಏಳನೇ ಬೆಡ್.’ ಕ್ಲಾಂಪ್ ಮುಟ್ಟಿ ‘ಹಾಕಿದೆ’ ಎಂದು ಹೇಳಿ. ಚಾರ್ಟಿನಲ್ಲಿ ಗುರುತು ಹಾಕಿ. ಅಲ್ಲಿಗೆ ಮುಗಿಯಿತು. ಮತ್ತೆ ತಿರುಗಿ ಹೋಗಬೇಕು ಅನ್ನಿಸುತ್ತದೆ, ಕಾಲು ಎಳೆಯುತ್ತದೆ. ಹೋಗಬೇಡಿ. ಆ ಸಂಕಟ ಏರುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ. ಇಳಿಯುವುದನ್ನು ನೋಡಲು ನೀವು ಇದುವರೆಗೂ ಅದಕ್ಕೆ ಸಮಯವನ್ನೇ ಕೊಟ್ಟಿಲ್ಲ.

ಹ್ಯಾಂಡೋವರ್ ಕೊಟ್ಟ ಮೇಲೆ ವಾರ್ಡಿಗೆ ಫೋನ್ ಇಲ್ಲ. ನಿಮ್ಮ ಗೆಳತಿಗೂ ಮೊದಲೇ ಹೇಳಿಡಿ: ‘ನಾನು ಫೋನ್ ಮಾಡಿ ಕೇಳಿದ್ರೆ ಹೌದು ಅಂತಾನೂ ಅನ್ಬೇಡ, ಇಲ್ಲ ಅಂತಾನೂ ಅನ್ಬೇಡ, ನಾಳೆ ಮಾತಾಡೋಣ ಅಂತ ಇಟ್ಬಿಡು.’ ಮೊದಲ ವಾರ, ಹತ್ತು ದಿನ ಆತಂಕ ಜಾಸ್ತಿಯಾಗುತ್ತದೆ, ಅದು ನಿರೀಕ್ಷಿತ. ಒಬ್ಬರೇ ಮಾಡಿಕೊಳ್ಳುವುದಕ್ಕಿಂತ ಇದನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಜೊತೆ ಕೂತು ಮಾಡಿದರೆ ಬೇಗ ಹಿಡಿತಕ್ಕೆ ಬರುತ್ತದೆ. ಅರಿವಿನ ವರ್ತನಾ ಚಿಕಿತ್ಸೆ, ಸಿಬಿಟಿ ಎನ್ನುತ್ತೇವಲ್ಲ, ಅದರ ಸಾರವೇ ಇದು. ಸಾಮಾನ್ಯವಾಗಿ ಎಂಟರಿಂದ ಹದಿನಾರು ಭೇಟಿ.

ಡಾಕ್ಟರ ಹತ್ತಿರ ಹೋಗುವ ಮುನ್ನ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ. ಥೈರಾಯ್ಡ್ ಹೆಚ್ಚಾದರೂ ಎದೆ ಡವಡವ, ಕೈ ಬೆವರು. ರಕ್ತಹೀನತೆಯಿದ್ದರೆ ಮೆಟ್ಟಿಲು ಹತ್ತಿದರೂ ಅದೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಸಿಸ್ಟರ್‌ಗಳು ದಿನಕ್ಕೆ ನಲವತ್ತು ಜನರ ರಕ್ತ ಎಳೆದು ಲ್ಯಾಬಿಗೆ ಕಳಿಸುತ್ತಾರೆ, ತಮ್ಮದನ್ನು ಕಳಿಸುವುದಿಲ್ಲ.

ಆತಂಕ ಅಳೆಯಲು ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 21 ಅಂಕ. ಹತ್ತು ಅಥವಾ ಅದಕ್ಕೂ ಹೆಚ್ಚಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂಬುದು ವಾಡಿಕೆ. ನಿಮ್ಮ ಪತ್ರ ಓದಿದರೆ ಹತ್ತು ದಾಟುವುದು ಖಚಿತ ಅನ್ನಿಸುತ್ತದೆ, ಆದ್ದರಿಂದ ಅಂಕ ಎಣಿಸುತ್ತ ಕೂರಬೇಡಿ, ಹೋಗಿ. ಎಸ್ಸಿಟಾಲೋಪ್ರಾಂ ಅಥವಾ ಸರ್ಟ್ರಲೀನ್ ಗುಂಪಿನ ಮಾತ್ರೆ ಬರೆಯಬಹುದು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಸ್ವಲ್ಪ ಏರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ. ಹುಷಾರಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ನಿಲ್ಲಿಸುವಾಗ ಡಾಕ್ಟರು ಹೇಳಿದಂತೆ ನಿಧಾನ ಇಳಿಸಬೇಕು. ಇವು ಚಟ ಹತ್ತಿಸುವ ಮಾತ್ರೆಗಳಲ್ಲ.

ಚಟ ಹತ್ತಿಸುವುದು ನೀವು ಈಗ ತೆಗೆದುಕೊಳ್ಳುತ್ತಿರುವುದು. ಬೈಯುತ್ತಿಲ್ಲ ಸಿಸ್ಟರ್, ಔಷಧದ ಕಪಾಟು ಕೈಗೆಟುಕುವ ಕಡೆ ದುಡಿಯುವ ನಾವೆಲ್ಲ ಒಂದಲ್ಲ ಒಂದು ಸಲ ಹೀಗೆ ಮಾಡಿಕೊಂಡವರೇ. ಆದರೆ ಅಲ್ಪ್ರಾಜೋಲಾಂ ಶೆಡ್ಯೂಲ್ ಎಚ್1ರಲ್ಲಿ, ಅಂದರೆ ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಬಿಗಿ ಪಟ್ಟಿಯಲ್ಲಿ, ಇರುವುದಕ್ಕೆ ಕಾರಣವಿದೆ. ಅರ್ಧ ಮಾತ್ರೆ ಒಂದಾಗುವುದು, ವಾರಕ್ಕೆ ಮೂರು ದಿನ ಏಳಾಗುವುದು ಗೊತ್ತೇ ಆಗುವುದಿಲ್ಲ. ಇನ್ನೊಂದು, ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ: ಆ ಮಾತ್ರೆ ಹೊಸ ನೆನಪು ಅಚ್ಚೊತ್ತುವುದನ್ನೇ ಮಂಕು ಮಾಡುತ್ತದೆ. ಕ್ಲಾಂಪ್ ಹಾಕಿದೆನಾ ಇಲ್ಲವಾ ಎಂಬ ಅನುಮಾನಕ್ಕೆ ಹೆದರಿ ಮಾತ್ರೆ ತಗೊಳ್ಳುತ್ತೀರಿ, ಮಾತ್ರೆ ಆ ಅನುಮಾನಕ್ಕೇ ಗೊಬ್ಬರ ಹಾಕುತ್ತದೆ. ಡ್ಯೂಟಿಗೆ ಮುಂಚೆಯಂತೂ ಬೇಡವೇ ಬೇಡ. ಮನೋವೈದ್ಯರಿಗೆ ಎಷ್ಟು, ಎಷ್ಟು ದಿನದಿಂದ ಎಂದು ಮುಚ್ಚಿಡದೆ ಹೇಳಿ. ಈ ಪತ್ರ ಬರೆದ ಮೇಲೆ ದಿನವೂ ತಗೊಳ್ಳುವಂತಾಗಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಅವರೇ ಇಳಿಸಿಕೊಡುತ್ತಾರೆ.

ಸ್ವಂತ ಆಸ್ಪತ್ರೆಯಲ್ಲಿ ತೋರಿಸಿಕೊಂಡರೆ ಸುದ್ದಿ ಹಬ್ಬುತ್ತದೆ ಎಂಬ ಭಯವಿದ್ದರೆ ಬೇರೆ ಕಡೆ ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮಾನಸಿಕ ಆರೋಗ್ಯ ಸೇವಾ ಕಾಯ್ದೆ 2017ರ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯ, ನಿಮ್ಮ ಒಪ್ಪಿಗೆಯಿಲ್ಲದೆ ಆಡಳಿತ ಮಂಡಳಿಗೆ ತಲುಪಿಸುವಂತಿಲ್ಲ.

ಈಗ ಆ ಬೈಕು. ‘ಕಾಲು ಮುರಿದರೆ ರಜೆ ಸಿಗುತ್ತಲ್ಲ’ ಎಂಬ ಮಾತನ್ನು ನರ್ಸ್‌ಗಳ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೆಂದರೆ ಅದು ನಿಮ್ಮ ವೃತ್ತಿಯ ಗಾದೆಯೇ ಆಗಿದೆ ಅನ್ನಬಹುದು. ಹೆಚ್ಚಿನ ಸಲ ಅದರ ಅರ್ಥ ಅಷ್ಟೇ: ರಜೆ ಬೇಕು, ಕೇಳುವ ಧೈರ್ಯವಿಲ್ಲ, ಕೇಳಿದರೂ ಸಿಗುವುದಿಲ್ಲ. ಆದರೂ ನೇರವಾಗಿ ಕೇಳುತ್ತೇನೆ. ಕಾಲು ಮುರಿಯಲಿ ಎನ್ನುವುದು ಎಂದಾದರೂ ‘ನಾನೇ ಇಲ್ಲವಾದರೆ’ ಎಂಬ ಕಡೆಗೆ ಹೊರಳಿದೆಯಾ? ಹೇಗೆ, ಯಾವುದರಿಂದ ಎಂದು ಯೋಚನೆ ಬಂದಿದೆಯಾ? ಹೌದಾದರೆ ಈ ಬರಹ ಇಲ್ಲಿಗೇ ಬಿಟ್ಟು ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಹೆಸರು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ನಿಮ್ಹಾನ್ಸ್ ಅದರ ಮೇಲ್ವಿಚಾರಣಾ ಕೇಂದ್ರ. ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲಿ ಮಾತಾಡುವವರಿರುತ್ತಾರೆ, ಹಣವಿಲ್ಲ. ಗಂಡನಿಗೂ ಅದೇ ಹೊತ್ತಿಗೆ ಹೇಳಿ, ಅಂದು ಡ್ಯೂಟಿಗೆ ಹೋಗಬೇಡಿ. ಔಷಧದ ಕಪಾಟಿನ ಪಕ್ಕ ಒಂಟಿಯಾಗಿ ರಾತ್ರಿ ಕಳೆಯುವವರ ವಿಷಯದಲ್ಲಿ ನಾನು ‘ನಾಳೆ ನೋಡೋಣ’ ಎನ್ನುವುದಿಲ್ಲ.

ರಜೆಗೆ ಬೈಕು ಗುದ್ದಬೇಕಿಲ್ಲ. ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಕಡಿತವಾಗುತ್ತಿದೆಯಾ? ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇದರ ವ್ಯಾಪ್ತಿಗೆ ಬರುತ್ತಾರೆ, ಖಾಸಗಿ ಆಸ್ಪತ್ರೆಯ ಬಹಳಷ್ಟು ಸಿಸ್ಟರ್‌ಗಳ ಸಂಬಳ ಅದಕ್ಕಿಂತ ಕೆಳಗೇ ಇದೆ ಎನ್ನುವುದು ಬೇರೆ ದುಃಖ. (ನರ್ಸ್‌ಗಳ ಸಂಬಳ ಎಲ್ಲೂ 20,000ಕ್ಕಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಾದರೆ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಸುಪ್ರೀಂ ಕೋರ್ಟಿನ 2016ರ ಆದೇಶದ ಮೇಲೆ ರಚನೆಯಾದ ಸಮಿತಿ ಶಿಫಾರಸು ಮಾಡಿ ವರ್ಷಗಳೇ ಆದವು.) ಕಡಿತವಿದ್ದು, ಕೊಡುಗೆ ಸಲ್ಲಿಸಿದ ದಿನಗಳ ಷರತ್ತು ಪೂರೈಸಿದ್ದರೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಅನಾರೋಗ್ಯ ರಜೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಮನಸ್ಸಿನ ಕಾಯಿಲೆಯೂ ಅನಾರೋಗ್ಯವೇ. ಮೂರು ವಾರ ತೆಗೆದುಕೊಳ್ಳಿ, ಮಾತ್ರೆ ಹಿಡಿಯುವ ಸಮಯ ಅದು.

ಕೆಲಸ ಬಿಡುವ ತೀರ್ಮಾನವನ್ನು ಆ ಮೂರು ವಾರದಲ್ಲಾಗಲೀ ಏಳನೇ ನೈಟ್ ಮುಗಿದ ಬೆಳಿಗ್ಗೆಯಾಗಲೀ ಮಾಡಬೇಡಿ. ಆತಂಕ ಇಳಿಯುವ ಮುಂಚೆ ಬಿಟ್ಟರೆ ಅದು ಹೊಸ ಕೆಲಸಕ್ಕೂ ಟಿಫಿನ್ ಡಬ್ಬಿ ಹಿಡಿದು ಹಿಂದೆಯೇ ಬರುತ್ತದೆ. ಎರಡು ತಿಂಗಳ ಚಿಕಿತ್ಸೆ ಆಗಲಿ. ಅಷ್ಟರಲ್ಲಿ ಆಡಳಿತದ ಮುಂದೆ ಒಂದೆರಡು ಸಣ್ಣ ಬೇಡಿಕೆ ಇಡಿ. ಒಬ್ಬರೇ ಹೋಗಬೇಡಿ, ನಾಲ್ಕೈದು ಜನ ಸೇರಿ, ಬರವಣಿಗೆಯಲ್ಲಿ. ಪೊಟ್ಯಾಸಿಯಂ ಆಂಪ್ಯೂಲು ವಾರ್ಡಿನ ಟ್ರೇಯಿಂದ ಹೊರಹೋಗಲಿ: ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕೆನ್ನುವ ಯಾವ ಆಸ್ಪತ್ರೆಯೂ ಬೇಡವೆನ್ನಲಾಗದು, ಆದ್ದರಿಂದ ಅದನ್ನೇ ಮೊದಲು ಕೇಳಿ. ಏಳು ನೈಟ್ ಮೂರಕ್ಕೋ ನಾಲ್ಕಕ್ಕೋ ಒಡೆಯಲಿ. ರಾತ್ರಿ 28 ಹಾಸಿಗೆಗೆ ಇಬ್ಬರಾಗುವುದು ಮೂರನೆಯದು, ಅದಕ್ಕೆ ಹಣ ಬೇಕು, ಅದು ತಡವಾಗುತ್ತದೆ, ಆದರೂ ಬರೆದಿಡಿ. ಎರಡು ತಿಂಗಳಲ್ಲಿ ನೀವು ಹುಷಾರಾಗಿ, ಆಸ್ಪತ್ರೆ ಇದ್ದಲ್ಲೇ ಇದ್ದರೆ, ಆಗ ಬಿಡುವುದು ಸೋಲಲ್ಲ, ಲೆಕ್ಕಾಚಾರ. ಡಯಾಲಿಸಿಸ್, ಒಪಿಡಿ, ಸೋಂಕು ನಿಯಂತ್ರಣ ವಿಭಾಗ, ಸಮುದಾಯ ಆರೋಗ್ಯಾಧಿಕಾರಿ ಹುದ್ದೆ, ಕಾಲೇಜಿನಲ್ಲಿ ಪಾಠ, ಬಿ.ಎಸ್ಸಿ. ನರ್ಸಿಂಗ್‌ಗೆ ವಾರ್ಡೊಂದೇ ದಾರಿ ಅಲ್ಲ.

ನಿಮ್ಮ ಯಜಮಾನರಿಗೆ ಈ ಒಂದು ಪ್ಯಾರಾ ಓದಲು ಕೊಡಿ. ಸ್ವಾಮಿ, ಟೆನ್ಶನ್ ಎಲ್ಲರಿಗೂ ಇದೆ, ಒಪ್ಪಿದೆ. ಆದರೆ ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಮಾಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ನೈಟ್ ಮುಗಿಸಿ ಬಂದವರು ಒಂಬತ್ತಕ್ಕೆ ಮಲಗಬೇಕೆಂದರೆ ಆ ವಾರದ ತಿಂಡಿ, ಮಗುವಿನ ಜಡೆ, ಶಾಲೆಯ ಆಟೊ ನಿಮ್ಮದು. ಜಡೆ ಹಾಕಲು ಬರುವುದಿಲ್ಲ ಎಂದರೆ ಎರಡು ದಿನದಲ್ಲಿ ಬರುತ್ತದೆ. ಬಾಗಿಲು ಬಡಿಯುವ ಕೊರಿಯರ್‌ನವರನ್ನೂ ‘ಸೊಸೆ ಇನ್ನೂ ಎದ್ದಿಲ್ವಾ’ ಎಂದು ಕೇಳುವ ನೆಂಟರನ್ನೂ ತಡೆಯುವುದು ಸಹ ನಿಮ್ಮ ಕೆಲಸ.

ಕೊನೆಯದಾಗಿ ಬೀಪ್. ಹುಚ್ಚಲ್ಲ. ರಾತ್ರಿಯಿಡೀ ನಾಲ್ಕು ಮಾನಿಟರ್ ಕೂಗುವ ಕಡೆ ಕಿವಿಯನ್ನು ಎಚ್ಚರದಲ್ಲಿಟ್ಟವರಿಗೆ ಫ್ರಿಜ್ಜಿನ ಗುಂಯ್, ಪಕ್ಕದ ಮನೆಯ ಇನ್ವರ್ಟರ್, ಹಿಮ್ಮುಖವಾಗಿ ಬರುವ ಕಾರು ಎಲ್ಲವೂ ಕ್ಷಣಕಾಲ ಮಾನಿಟರ್ ಆಗುತ್ತವೆ. ಹಸುಗೂಸಿನ ತಾಯಿಗೆ ಸ್ನಾನದ ಮನೆಯ ನಲ್ಲಿಯ ಸದ್ದಿನಲ್ಲೂ ಅಳು ಕೇಳುವ ಹಾಗೆ. ನೀವು ಎದ್ದು ನೋಡುತ್ತೀರಿ, ಇಲ್ಲ ಎಂದು ಗೊತ್ತಾಗುತ್ತದೆ, ಮತ್ತೆ ಮಲಗುತ್ತೀರಿ. ಹಾಗೆ ಗೊತ್ತಾಗುವುದೇ ಮನಸ್ಸು ನೆಲೆಯಲ್ಲಿದೆ ಎನ್ನುವುದಕ್ಕೆ ಗುರುತು. ಯಂತ್ರವೇ ಇಲ್ಲದ ಕಡೆ ಇದೆ ಎಂದು ಗಟ್ಟಿಯಾಗಿ ನಂಬಿಕೆ ಬಂದರೆ, ಅಥವಾ ಬೀಪ್ ಬದಲು ನಿಮ್ಮನ್ನು ಬೈಯುವ ದನಿಗಳು ಕೇಳಿಸತೊಡಗಿದರೆ ಮಾತ್ರ ಅಂದೇ ಡಾಕ್ಟರಿಗೆ ತಿಳಿಸಿ. ಅಷ್ಟರೊಳಗೆ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ವಿಭಾಗದವರನ್ನು ವಾರ್ಡಿಗೆ ಕರೆಸಿ, ನಿಮ್ಮ ನಾಲ್ಕೂ ಮಾನಿಟರ್‌ಗಳ ಅಲಾರಂ ಮಿತಿಯನ್ನು ಆಯಾ ರೋಗಿಗೆ ತಕ್ಕಂತೆ ಡ್ಯೂಟಿ ಡಾಕ್ಟರ ಒಪ್ಪಿಗೆಯ ಮೇಲೆ ಹೊಂದಿಸಿಕೊಡಲು ಹೇಳಿ. ಕಾರ್ಖಾನೆಯಿಂದ ಬಂದ ಮಿತಿಯಲ್ಲೇ ಬಿಟ್ಟ ಮಾನಿಟರ್ ರೋಗಿ ಮಗ್ಗುಲು ಬದಲಿಸಿದರೂ ಕೂಗುತ್ತದೆ.